ಆಲಿವರ್ ಹೆವಿಸೈಡ್

ತಂತಿಯಲ್ಲಿ ಹರಿಯುವ ಸಂದೇಶದ ಮರ್ಮವನ್ನು ಗಣಿತದಿಂದ ಬಿಡಿಸಿದ ಆಲಿವರ್ ಹೆವಿಸೈಡನು 1850ನೆಯ ಮೇ 18ರಂದು ಲಂಡನ್ನಿನ ಬಡ ಕುಟುಂಬವೊಂದರಲ್ಲಿ ಜನಿಸಿದನು. ಬಾಲ್ಯದಲ್ಲಿ ತಗುಲಿದ ಸ್ಕಾರ್ಲೆಟ್ ಜ್ವರದಿಂದ ಕಿವಿ ಮಂದವಾಯಿತು. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟ ಅವನು, 1868ರಲ್ಲಿ ಡೆನ್ಮಾರ್ಕಿಗೆ ತೆರಳಿ ತಂತಿ ಕಛೇರಿಯಲ್ಲಿ ನೌಕರನಾದನು. ಸಮುದ್ರದಡಿಯ ಕೇಬಲಿನ ರೋಧವನ್ನು ದಡದಿಂದಲೇ ಅಳೆದು, ದೋಷವಿರುವ ಸ್ಥಳವನ್ನು ಲೆಕ್ಕಹಾಕುವ ವಿದ್ಯೆ ಅವನಿಗೆ ಕರಗತವಾಯಿತು.

1874ರಲ್ಲಿ ನೌಕರಿ ತೊರೆದು, ಮ್ಯಾಕ್ಸ್‌ವೆಲ್ಲನ ಮಹಾಗ್ರಂಥವನ್ನು ಸ್ವಂತ ಪ್ರಯತ್ನದಿಂದಲೇ ಅಭ್ಯಸಿಸಿದನು. 1880ರಲ್ಲಿ ಅವನು ಕೋಆಕ್ಸಿಯಲ್ ಕೇಬಲಿಗೆ ಪೇಟೆಂಟ್ ಪಡೆದನು. ಒಂದು ವಾಹಕವನ್ನು ಕೊಳವೆಯಂತಹ ಇನ್ನೊಂದು ವಾಹಕದೊಳಗಿಟ್ಟರೆ ನೆರೆಯ ತಂತಿಗಳ ಬಾಧೆ ತಟ್ಟದೆಂಬುದೇ ಅದರ ತತ್ತ್ವ. ತಂತಿಯ ಗುಣವು ರೋಧ, ಪ್ರೇರಕತ್ವ, ಧಾರಕತ್ವ, ಸೋರಿಕೆ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದೂ, ಪ್ರೇರಕತ್ವವನ್ನು ತಕ್ಕಷ್ಟು ಹೆಚ್ಚಿಸಿದರೆ ದೂರವಾಣಿಯ ಮಾತು ವಿಕಾರಗೊಳ್ಳದೆಂದೂ 1887ರಲ್ಲಿ ಸಾಧಿಸಿದನು. ಆದರೆ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸನು ಪ್ರೇರಕತ್ವವೇ ಹಾನಿಕರವೆಂದು ನಂಬಿ, ಆ ಲೇಖನದ ಪ್ರಕಟಣೆಯನ್ನು ತಡೆದನು. 1900ರಲ್ಲಿ ಅಮೆರಿಕದಲ್ಲಿ ಪ್ಯೂಪಿನ್ನನು ಅದೇ ತತ್ತ್ವದ ಸುರುಳಿಗಳಿಗೆ ಪೇಟೆಂಟ್ ಪಡೆದು ಧನಿಕನಾದನು. ಹೆವಿಸೈಡನಿಗೆ ದಕ್ಕಿದ್ದು ಬಡತನವೇ.

ಇಂದು ಹವ್ಯಾಸಿ ರೇಡಿಯೋಗಾರರು ಹಳೆಯ ಕೋಆಕ್ಸಿಯಲ್ ಕೇಬಲನ್ನು ಪರೀಕ್ಷಿಸುವಾಗ ಆ ನಾಲ್ಕು ಗುಣಗಳೇ ಎದುರಾಗುತ್ತವೆ. ಹೊದಿಕೆ ಬಿರಿದು ನೀರು ಹೊಕ್ಕರೆ ಹೆಣೆದ ತಾಮ್ರ ಕಿಲುಬುಹಿಡಿದು ರೋಧವೂ, ನಿರೋಧಕ ತೇವಗೊಂಡು ಸೋರಿಕೆಯೂ ಹೆಚ್ಚುತ್ತವೆ. ಅಂತಹ ಕೇಬಲಿನಲ್ಲಿ, ಆಂಟೆನಾದಿಂದ ಪ್ರತಿಫಲಿಸಿದ ಅಲೆಯೂ ಹಿಂದಿರುಗುವ ದಾರಿಯಲ್ಲೇ ಕುಂದುವುದರಿಂದ, ಪ್ರೇಷಕದ ಬಳಿಯ ಮಾಪಕವು ಎಲ್ಲವೂ ಸರಿಯಿದೆಯೆಂದು ಭ್ರಮೆ ಹುಟ್ಟಿಸುತ್ತದೆ. ಆದುದರಿಂದ ತುದಿಯಲ್ಲಿ ಕೇಬಲಿಗೆ ಹೊಂದುವ ಭಾರವನ್ನು ಜೋಡಿಸಿ, ಎರಡೂ ಕಡೆಗಳಲ್ಲಿ ಶಕ್ತಿಯನ್ನು ಅಳೆಯಬೇಕು. ಅರ್ಧ ಮಾತ್ರ ತಲುಪಿದರೆ ನಷ್ಟವು ಸುಮಾರು 3 ಡೆಸಿಬೆಲ್.

1891ರಲ್ಲಿ ರಾಯಲ್ ಸೊಸೈಟಿಯು ಹೆವಿಸೈಡನನ್ನು ಸದಸ್ಯನನ್ನಾಗಿ ಆರಿಸಿತು. ರೇಡಿಯೋ ಅಲೆಗಳನ್ನು ಭೂಮಿಗೆ ಹಿಂತಿರುಗಿಸುವ ವಾಹಕ ಪದರವು ಮೇಲಣ ವಾಯುಮಂಡಲದಲ್ಲಿರಬೇಕೆಂದು ಅವನೂ ಕೆನೆಲಿಯೂ 1902ರಲ್ಲಿ ಬೇರೆಬೇರೆಯಾಗಿ ಊಹಿಸಿದರು. 1924ರಲ್ಲಿ ಆಪಲ್ಟನ್ನನು ಪ್ರಯೋಗದಿಂದ ಅದನ್ನು ದೃಢಪಡಿಸಿದನು. ಮರುವರ್ಷ ಫೆಬ್ರವರಿ 3ರಂದು ಹೆವಿಸೈಡನು ಟಾರ್ಕೀಯಲ್ಲಿ ಕಾಲವಶನಾದನು.

ಕಾಲೇಜಿನ ಮೆಟ್ಟಿಲು ಹತ್ತದ ಈ ಏಕಾಂಗಿಯು ಅಧಿಕಾರದ ಮಾತಿಗಿಂತ ಅಳತೆ ಮತ್ತು ಗಣಿತಗಳನ್ನೇ ನಂಬಿದನು. ವಿಜ್ಞಾನದ ವಿದ್ಯಾರ್ಥಿಗಳಿಗೆ ಅವನ ಬಾಳು ದಾರಿದೀಪವಾಗಿದೆ.