ಎಗಾಸ್ ಮೋನಿಜ್

ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಕವಲೊಡೆದು ಗದ್ದೆಗಳಿಗೆ ನೀರುಣಿಸುವುದನ್ನು ಕೊಪ್ಪಳ, ಕುಕನೂರು ಸೀಮೆಯ ವಿದ್ಯಾರ್ಥಿಗಳು ಕಂಡಿರಬಹುದು. ದಂಡೆಯ ಮೇಲೆ ನಿಂತವನಿಗೆ ನೀರು ಎಲ್ಲಿ ತಡೆದಿದೆ, ದಂಡೆ ಎಲ್ಲಿ ಸವೆದು ಒಡೆಯುವಂತಿದೆ ಎಂಬುದು ಕಣ್ಣಿಗೇ ತೋರುತ್ತದೆ. ಮಿದುಳಿಗೆ ರಕ್ತವನ್ನೊಯ್ಯುವ ನಾಳಗಳೂ ಹೀಗೆಯೇ ಕವಲೊಡೆಯುತ್ತವೆ. ಆದರೆ ಅವು ತಲೆಬುರುಡೆಯೊಳಗೆ ಅಡಗಿವೆ. 1895ರಲ್ಲಿ ರಂಟ್ಜೆನ್ ಕಂಡುಹಿಡಿದ ಕ್ಷ-ಕಿರಣಗಳು ಮೂಳೆಯನ್ನು ತೋರಿಸಿದವೇ ಹೊರತು ರಕ್ತನಾಳಗಳನ್ನು ತೋರಿಸಲಿಲ್ಲ. ನಾಳದ ಗೋಡೆ ದುರ್ಬಲವಾಗಿ ಗುಳ್ಳೆಯಂತೆ ಉಬ್ಬಿ ಒಡೆದರೆ, ಅದರ ನೆಲೆ ಅನೇಕ ವೇಳೆ ತಿಳಿಯುತ್ತಿದ್ದುದು ರೋಗಿ ತೀರಿಕೊಂಡ ಮೇಲೆಯೇ. ಬದುಕಿರುವವರ ಮಿದುಳಿನ ರಕ್ತನಾಳಗಳನ್ನು ಚಿತ್ರದಲ್ಲಿ ತೋರಿಸಿಕೊಟ್ಟವರು ಪೋರ್ಚುಗಲ್ ದೇಶದ ವೈದ್ಯ ಎಗಾಸ್ ಮೋನಿಜ್.

ಮೋನಿಜ್ 1874ರ ನವೆಂಬರ್ 29ರಂದು ಅವಾಂಕಾ ಎಂಬ ಊರಿನಲ್ಲಿ ಜನಿಸಿದರು. ಕೋಯಿಂಬ್ರ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ, ಫ್ರಾನ್ಸಿನಲ್ಲಿ ನರರೋಗಗಳ ಅಧ್ಯಯನ ಮಾಡಿ, 1911ರಲ್ಲಿ ಲಿಸ್ಬನ್ ನಗರದಲ್ಲಿ ಪ್ರಾಧ್ಯಾಪಕರಾದರು. ರಾಜಕಾರಣವೂ ಅವರನ್ನು ಸೆಳೆಯಿತು. 1918ರಲ್ಲಿ ವಿದೇಶಾಂಗ ಸಚಿವರಾದ ಅವರು ಮೊದಲನೆಯ ಮಹಾಯುದ್ಧದ ತರುವಾಯ ಪ್ಯಾರಿಸಿನ ಶಾಂತಿ ಸಮ್ಮೇಳನಕ್ಕೆ ತಮ್ಮ ದೇಶದ ನಿಯೋಗವನ್ನು ಕರೆದೊಯ್ದರು. ಬಳಿಕ ರಾಜಕಾರಣವನ್ನು ತೊರೆದು ಆಸ್ಪತ್ರೆಗೆ ಮರಳಿದರು. ಇತರರು ವಿಶ್ರಾಂತಿಯನ್ನು ನೆನೆಯುವ ವಯಸ್ಸಿನಲ್ಲಿ, ಐವತ್ತು ದಾಟಿದ ಮೇಲೆ, ಅವರ ನಿಜವಾದ ಸಾಧನೆ ಆರಂಭವಾಯಿತು.

ಕ್ಷ-ಕಿರಣಗಳನ್ನು ತಡೆಯಬಲ್ಲ ದ್ರಾವಣವೊಂದನ್ನು ರಕ್ತದಲ್ಲಿ ಬೆರೆಸಿದರೆ ನಾಳಗಳ ನೆರಳು ಚಿತ್ರದಲ್ಲಿ ಮೂಡಬೇಕು. ಯೋಚನೆ ಸರಳ, ಆಚರಣೆ ಕಠಿಣ. ದ್ರಾವಣ ಮಿದುಳಿಗೆ ಕೇಡು ಮಾಡಬಾರದು. ರಕ್ತ ಅದನ್ನು ಕೆಲವೇ ಕ್ಷಣಗಳಲ್ಲಿ ಕೊಚ್ಚಿಕೊಂಡು ಹೋಗುವುದರಿಂದ ಚಿತ್ರವನ್ನು ಆ ಕ್ಷಣದಲ್ಲಿಯೇ ತೆಗೆಯಬೇಕು. ಮೋನಿಜ್ ಮೊದಲು ನಾಯಿಗಳ ಮೇಲೆ, ಶವಗಳ ಮೇಲೆ ಪ್ರಯೋಗ ನಡೆಸಿದರು. ಸಂಧಿವಾತದಿಂದ ಅವರ ಕೈಬೆರಳುಗಳು ಸೊಟ್ಟಗಾಗಿದ್ದುದರಿಂದ ಸೂಜಿ ಹಿಡಿಯುವ ಕೆಲಸ ಕಿರಿಯ ಸಹೋದ್ಯೋಗಿ ಅಲ್ಮೇಡ ಲೀಮಾ ಅವರದಾಯಿತು. ಮೊದಲು ಬಳಸಿದ ಸ್ಟ್ರಾಂಷಿಯಂ ಬ್ರೋಮೈಡ್ ದ್ರಾವಣದ ಪ್ರಯೋಗದಲ್ಲಿ ರೋಗಿಯೊಬ್ಬನು ಮೃತನಾದನು. ಮೋನಿಜ್ ಆ ದ್ರಾವಣವನ್ನು ಕೈಬಿಟ್ಟು, ಕ್ಷ-ಕಿರಣಗಳನ್ನು ಇನ್ನೂ ಚೆನ್ನಾಗಿ ತಡೆಯುವ ಅಯೋಡಿನ್ನಿನ ಲವಣದತ್ತ ತಿರುಗಿದರು. 1927ರ ಜೂನ್ 28ರಂದು ಸೋಡಿಯಂ ಅಯೋಡೈಡ್ ದ್ರಾವಣವನ್ನು ತರುಣನೊಬ್ಬನ ಕತ್ತಿನ ಅಪಧಮನಿಗೆ ಸೇರಿಸಿದಾಗ ಮಿದುಳಿನ ರಕ್ತನಾಳಗಳು ಕೊಂಬೆರೆಂಬೆಗಳಂತೆ ಫಲಕದ ಮೇಲೆ ಮೂಡಿದವು. ಗೆಡ್ಡೆಯೊಂದು ಅವುಗಳನ್ನು ಪಕ್ಕಕ್ಕೆ ತಳ್ಳಿದ್ದುದೂ ಅಲ್ಲಿ ಕಂಡಿತು.

ಈ ಕೀರ್ತಿಯ ಬೆನ್ನಿಗೆ ನೆರಳೂ ಇದೆ. 1931ರಿಂದ ಅವರು ಬಳಸಿದ ಥೋರಿಯಂ ದ್ರಾವಣ ಬಲು ಸ್ಪಷ್ಟವಾದ ಚಿತ್ರಗಳನ್ನು ಕೊಟ್ಟಿತು. ಆದರೆ ಆ ವಿಕಿರಣಶೀಲ ವಸ್ತು ದೇಹದಲ್ಲಿಯೇ ಉಳಿದು ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರನ್ನು ತಂದಿತು. 1935ರಲ್ಲಿ ಅವರು ಮಾನಸಿಕ ರೋಗಿಗಳಿಗಾಗಿ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಅದರಿಂದ ಅನೇಕರು ತಮ್ಮ ಸಹಜ ವ್ಯಕ್ತಿತ್ವವನ್ನೇ ಕಳೆದುಕೊಂಡರು. ಮುಂದೆ ವೈದ್ಯಲೋಕ ಅದನ್ನು ತ್ಯಜಿಸಿತು. 1949ರ ನೊಬೆಲ್ ಪಾರಿತೋಷಕ ಅವರಿಗೆ ದೊರೆತದ್ದು ಈ ಶಸ್ತ್ರಕ್ರಿಯೆಗಾಗಿ, ರಕ್ತನಾಳಗಳ ಚಿತ್ರಣಕ್ಕಾಗಿ ಅಲ್ಲ ಎಂಬುದು ವಿಚಿತ್ರವೇ ಸರಿ. 1955ರ ಡಿಸೆಂಬರ್ 13ರಂದು ಅವರು ಲಿಸ್ಬನ್ನಿನಲ್ಲಿ ನಿಧನರಾದರು.

ಮೂರು ವರ್ಷಗಳ ಬಳಿಕ, 1958ರಲ್ಲಿ, ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮ ಅವರು ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಅದೇ ಇಂದಿನ ನಿಮ್ಹಾನ್ಸ್.

ಮೋನಿಜರ ಕಾಲದಲ್ಲಿ ಚಿತ್ರವು ಶಸ್ತ್ರಕ್ರಿಯೆಗೆ ಮುನ್ನ ದಾರಿ ತೋರುತ್ತಿತ್ತು. 1960ರ ದಶಕದಲ್ಲಿ ಅದು ಶಸ್ತ್ರಕ್ರಿಯೆಯ ಕೊಠಡಿಯೊಳಕ್ಕೇ ಬಂದಿತು. ವೈದ್ಯರು ಉಬ್ಬಿದ ನಾಳದ ಬುಡಕ್ಕೆ ಸಣ್ಣ ಲೋಹದ ಕ್ಲಿಪ್ಪನ್ನು ಹಾಕಿ ರಕ್ತವನ್ನು ತಡೆಯುತ್ತಾರೆ. ಉಬ್ಬು ಪೂರ್ತಿ ಮುಚ್ಚಿತೇ, ನೆರೆಯ ಆರೋಗ್ಯವಂತ ನಾಳವೂ ಅದರೊಡನೆ ಅದುಮಿಹೋಯಿತೇ ಎಂಬುದು ಬರಿಗಣ್ಣಿಗೆ ಸದಾ ತಿಳಿಯದು. ಆಗ ದ್ರಾವಣವನ್ನು ಸೇರಿಸಿ ಅಲ್ಲಿಯೇ ಚಿತ್ರ ತೆಗೆಯುತ್ತಾರೆ. 2003ರ ಹೊತ್ತಿಗೆ, ರಕ್ತಕ್ಕೆ ಸೇರಿಸಿದ ಹಸಿರು ವರ್ಣದ್ರವ್ಯದ ಹರಿವನ್ನು ಅವಕೆಂಪು ಬೆಳಕಿನಿಂದ ಸೂಕ್ಷ್ಮದರ್ಶಕದಲ್ಲಿಯೇ ನೋಡುವ ವಿಧಾನವೂ ಬಂದಿತು. ನೆರೆಯ ನಾಳದಲ್ಲಿ ರಕ್ತ ಹರಿಯದಿದ್ದರೆ, ತಲೆಬುರುಡೆಯನ್ನು ಮುಚ್ಚುವ ಮೊದಲೇ ವೈದ್ಯರು ಕ್ಲಿಪ್ಪನ್ನು ತೆಗೆದು ಸರಿಯಾಗಿ ಹಾಕುತ್ತಾರೆ.