ಗಾಳಿಗೆ ದಾರಿ ಮಾಡಿಕೊಟ್ಟ ಕ್ಯಾರಿಯರ್

ನಮ್ಮ ಸೆಮಿನಾರ್ ಹಾಲ್‌ನಲ್ಲಿ ಒಂದೇ ಸಲಕ್ಕೆ ಎರಡು ಕಾಲ ಇರುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಮುಂದಿನ ಮೂರು ಸಾಲಿನಲ್ಲಿ ಕೂತವರು ಏಪ್ರಿಲ್‌ನಲ್ಲೂ ಸ್ವೆಟರ್ ಹಾಕ್ಕೋತಾರೆ. ಹಿಂದಿನ ಸಾಲಿನವರು ಲ್ಯಾಬ್ ರೆಕಾರ್ಡ್‌ನಲ್ಲಿ ಗಾಳಿ ಬೀಸ್ಕೋತಾ ಕೂತಿರ್ತಾರೆ. ಸಂಘದ ಕವಿಗೋಷ್ಠಿಯ ದಿನ ಸೆಕೆ ತಡೆಯಲಾರದೆ ನಾವು ಮೂರ್ನಾಲ್ಕು ಜನ ಹೋಗಿ ಎಸಿ ರಿಪೇರಿ ಮಾಡುವ ಅಣ್ಣನನ್ನು ಕರೆದುಕೊಂಡು ಬಂದ್ವಿ. ಮೆಷಿನ್ ಕೆಟ್ಟಿರಬೇಕು, ಗ್ಯಾಸ್ ಮುಗಿದಿರಬೇಕು ಅಂತ ನಮ್ಮ ಲೆಕ್ಕ.

ಅಣ್ಣ ಮೆಷಿನ್ ಹತ್ತಿರ ಹೋಗಲೇ ಇಲ್ಲ. ಏಣಿ ಹತ್ತಿ, ಫಾಲ್ಸ್ ಸೀಲಿಂಗ್‌ನ ಒಂದು ಹಲಗೆ ಎತ್ತಿ, ಟಾರ್ಚ್ ಬಿಟ್ಟು ನಮ್ಮನ್ನೂ ಹತ್ತಿ ನೋಡೋಕೆ ಹೇಳಿದರು. ಹಿಂದಿನ ಸಾಲಿಗೆ ತಂಪು ಗಾಳಿ ತರಬೇಕಾದ ಡಕ್ಟ್ ಜಾಯಿಂಟ್‌ನಲ್ಲಿ ಕಳಚಿಕೊಂಡು ಜೋತಾಡ್ತಾ ಇತ್ತು. ಇಷ್ಟು ದಿನ ಆ ಗಾಳಿಯೆಲ್ಲ ಸೀಲಿಂಗ್ ಮೇಲಿನ ಜೇಡರ ಬಲೆಗೆ ಹೋಗ್ತಾ ಇತ್ತು. ಗಾಳಿ ವಾಪಸ್ ಹೋಗುವ ಕಡೆಯ ಫಿಲ್ಟರ್ ಮೇಲೆ ಕಂಬಳಿಯಷ್ಟು ದಪ್ಪ ಧೂಳು. ಮೆಷಿನ್ ಮಾತ್ರ ಏನೂ ತಪ್ಪು ಮಾಡದೆ ದುಡೀತಾ ಇತ್ತು.

ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು, ಈ ಎಸಿ ಅನ್ನೋದನ್ನು ಶುರು ಮಾಡಿದವರು ಯಾರು ಅಂತ ಓದೋಕೆ ಹಿಡಿದ್ವಿ. ವಿಲ್ಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್. ಕಂಪನಿ ಹೆಸರು ಅಷ್ಟೇ ಅಂದ್ಕೊಂಡಿದ್ದ ನಮಗೆ ಅದು ಒಬ್ಬ ಮನುಷ್ಯನ ಹೆಸರು ಅಂತ ಅವತ್ತೇ ಗೊತ್ತಾಗಿದ್ದು.

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಂಗೋಲಾ ಎಂಬ ಊರಿನ ಹತ್ತಿರ, ಈರಿ ಸರೋವರದ ಬದಿಯ ಒಂದು ರೈತ ಮನೆಯಲ್ಲಿ. ಒಬ್ಬನೇ ಮಗ. ಚಿಕ್ಕಂದಿನಲ್ಲಿ ಭಿನ್ನರಾಶಿ ಅಂದ್ರೆ ತಲೆಗೇ ಹತ್ತುತ್ತಿರಲಿಲ್ಲವಂತೆ. ಅವರ ಅಮ್ಮ ಎಲಿಜಬೆತ್ ನೆಲಮಾಳಿಗೆಯಿಂದ ಒಂದು ಪಾತ್ರೆ ತುಂಬ ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಅಂತ ಹೆಚ್ಚಿಸಿ, ಆ ಹೋಳುಗಳನ್ನೇ ಕೂಡಿಸಿ ಕಳೆಯೋದನ್ನು ಕಲಿಸಿದರು. ಸಮಸ್ಯೆಯನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡ್ಕೋಬೇಕು ಅನ್ನೋದು ಆಗ ಹತ್ತಿದ ಅಭ್ಯಾಸ ಅಂತ ಕ್ಯಾರಿಯರ್ ದೊಡ್ಡವರಾದ ಮೇಲೂ ನೆನೆಸಿಕೊಳ್ಳುತ್ತಿದ್ದರು. ಅಮ್ಮನ ಕೈಗೆ ಮನೆಯ ಗಡಿಯಾರ, ಹೊಲಿಗೆ ಯಂತ್ರ ರಿಪೇರಿಯೂ ಬರುತ್ತಿತ್ತು. ಆದರೆ ಮಗನಿಗೆ 11 ವರ್ಷವಾದಾಗಲೇ ಆಕೆ ತೀರಿಕೊಂಡರು.

ಮನೆಯಲ್ಲಿ ಕಾಲೇಜಿಗೆ ಕಳಿಸುವಷ್ಟು ದುಡ್ಡಿರಲಿಲ್ಲ. ಹೈಸ್ಕೂಲ್ ಮುಗಿದ ಮೇಲೆ ಕೆಲವು ಕಾಲ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಊಟ ವಸತಿಗೆ ಹುಲ್ಲು ಕತ್ತರಿಸಿದರು, ಮನೆಗಳ ಫರ್ನೇಸ್ ನೋಡಿಕೊಂಡರು, ಗೆಳೆಯನ ಜೊತೆ ಸೇರಿ ಹುಡುಗರಿಗೆ ಬಟ್ಟೆ ಒಗೆಸಿಕೊಡುವ ವ್ಯವಹಾರವನ್ನೂ ಮಾಡಿದರು. 1901ರಲ್ಲಿ ಡಿಗ್ರಿ ಬಂತು, ಬಫಲೋ ಊರಿನ ಬಫಲೋ ಫೋರ್ಜ್ ಕಂಪನಿಯಲ್ಲಿ ಕೆಲಸವೂ ಸಿಕ್ತು. ವಾರಕ್ಕೆ 10 ಡಾಲರ್ ಸಂಬಳ. ಕಂಪನಿ ಮಾಡ್ತಾ ಇದ್ದದ್ದು ಫ್ಯಾನು, ಹೀಟರ್‌ಗಳು. ಅಂದ್ರೆ ಎಸಿಯ ಅಪ್ಪ ಅನ್ನಿಸಿಕೊಂಡವರು ಕೆಲಸ ಶುರು ಮಾಡಿದ್ದು ಗಾಳಿ ಬಿಸಿ ಮಾಡುವ ಕಂಪನಿಯಲ್ಲಿ.

ಅಲ್ಲಿ ಸೇರಿದ ಕೂಡಲೇ ಅವರಿಗೆ ಕಂಡದ್ದು ಏನಂದ್ರೆ, ಹೀಟರ್ ಎಷ್ಟು ದೊಡ್ಡದಿರಬೇಕು ಅನ್ನೋದನ್ನು ಎಲ್ಲರೂ ಅಂದಾಜಿನ ಮೇಲೆ ಹೇಳ್ತಿದ್ದಾರೆ. ಅಂದಾಜು ತಪ್ಪಾದೀತು ಅಂತ ಇನ್ನೊಂದಿಷ್ಟು ಸೇರಿಸ್ತಿದ್ದಾರೆ. ಕ್ಯಾರಿಯರ್ ಕಾಯಿಲ್ ಮೇಲೆ ಗಾಳಿ ಬಿಟ್ಟು, ವೇಗ ಎಷ್ಟಿದ್ದಾಗ ಎಷ್ಟು ಶಾಖ ಹೋಗುತ್ತೆ ಅಂತ ಅಳೆದು ಪಟ್ಟಿ ಮಾಡಿದರು. ನಾವು ಲ್ಯಾಬ್‌ನಲ್ಲಿ ರೀಡಿಂಗ್ ಹೊಂದಿಸಿ ಬರೆಯೋವಾಗ ಈ ಸಂಗತಿ ನೆನಪಾದ್ರೆ ಸ್ವಲ್ಪ ನಾಚಿಕೆ ಆಗುತ್ತೆ.

1902ರಲ್ಲಿ ಬ್ರೂಕ್ಲಿನ್‌ನ ಸ್ಯಾಕೆಟ್ ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದಿಂದ ಒಂದು ತಕರಾರು ಬಂತು. ಬಣ್ಣದ ಮುದ್ರಣದಲ್ಲಿ ಒಂದೇ ಹಾಳೆ ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಯಂತ್ರದೊಳಗೆ ಹೋಗಬೇಕು. ಬೇಸಿಗೆಯ ತೇವಕ್ಕೆ ಹಾಳೆ ಹಿಗ್ಗುತ್ತೆ, ಒಣಹವೆಗೆ ಕುಗ್ಗುತ್ತೆ. ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ. ಅಲ್ಲಿ ಕೆಲಸ ಮಾಡುವವರಿಗೆ ಸೆಕೆ ಆಗ್ತಿದೆ ಅಂತ ಯಾರೂ ದೂರು ಕೊಟ್ಟಿರಲಿಲ್ಲ ನೋಡಿ. ತೊಂದರೆ ಆಗಿದ್ದು ಕಾಗದಕ್ಕೆ! ಆ ವರ್ಷ ಜುಲೈ 17ರ ದಿನಾಂಕದ ನಕ್ಷೆಗಳಲ್ಲಿ ಕ್ಯಾರಿಯರ್ ಕೊಟ್ಟ ಉತ್ತರ ಇದೆ: ಹಬೆ ಹರಿಸುವ ಕಾಯಿಲ್‌ನಲ್ಲಿ ತಣ್ಣೀರು ಹರಿಸೋದು, ಗಾಳಿ ಅದರ ಮೇಲೆ ಹಾದಾಗ ತೇವ ಇಬ್ಬನಿಯಾಗಿ ಇಳಿದುಹೋಗೋದು. ಕೋಣೆಯ ತೇವಾಂಶ ಶೇಕಡಾ 55ರಲ್ಲಿ ನಿಲ್ಲಬೇಕು ಅನ್ನೋದು ಗುರಿ. ಆ ವ್ಯವಸ್ಥೆಯ ಶಕ್ತಿ ದಿನಕ್ಕೆ 1,08,000 ಪೌಂಡ್ ಮಂಜುಗಡ್ಡೆ ಕರಗಿದಷ್ಟು. ಅಮೆರಿಕದ ಲೆಕ್ಕದಲ್ಲಿ ಟನ್ನಿಗೆ 2,000 ಪೌಂಡ್, ಹಾಗಾಗಿ 54 ಟನ್. ಮನೆಯಲ್ಲಿ ಒಂದೂವರೆ ಟನ್ ಎಸಿ ಅಂತೀವಲ್ಲ, ಆ ಟನ್ ಎಸಿಯ ತೂಕ ಅಲ್ಲ, ಒಂದು ದಿನದಲ್ಲಿ ಕರಗುವ ಮಂಜುಗಡ್ಡೆಯ ತೂಕ. ನಮ್ಮಲ್ಲಿ ಕೆಲವರಿಗೆ ಇದು ಎರಡನೇ ವರ್ಷದವರೆಗೂ ಗೊತ್ತಿರಲಿಲ್ಲ.

ನಮಗೆ ತುಂಬ ಇಷ್ಟವಾದ ಭಾಗ ಇನ್ನು ಮುಂದಿನದು. ಅದೇ 1902ರ ಕೊನೆಯಲ್ಲಿ ಒಂದು ಸಂಜೆ ಕ್ಯಾರಿಯರ್ ಪಿಟ್ಸ್‌ಬರ್ಗ್ ರೈಲ್ವೆ ಪ್ಲಾಟ್‌ಫಾರ್ಮ್‌ನಲ್ಲಿ ರೈಲಿಗೆ ಕಾಯ್ತಾ ಇದ್ದರು. ಸುತ್ತ ದಟ್ಟ ಮಂಜು. ಮಂಜು ಇದೆ ಅಂದ್ರೆ ಗಾಳಿ ನೀರು ಹಿಡಿಯುವಷ್ಟು ಹಿಡಿದಾಗಿದೆ, ಶೇಕಡಾ 100. ಆದರೆ ಚಳಿ ಇರೋದರಿಂದ ಅದು ಹಿಡಿದಿರುವ ನೀರು ನಿಜಕ್ಕೂ ಸ್ವಲ್ಪವೇ. ಅಂದ ಮೇಲೆ ಗಾಳಿಯನ್ನು ಬೇಕಾದ ತಾಪಮಾನದ ಮಂಜಿನೊಳಗೆ ಹಾಯಿಸಿದರೆ ಎಷ್ಟು ತೇವ ಇರಬೇಕು ಅನ್ನೋದು ನಮ್ಮ ಕೈಯಲ್ಲೇ ಇರುತ್ತಲ್ಲ ಅಂತ ಹೊಳೀತು. ಗಾಳಿ ಒಣಗಿಸೋಕೆ ನೀರು ಚಿಮ್ಮಿಸೋದು! ಕೇಳಿದವರು ನಗುವಂಥ ಮಾತು. ಆದರೆ ಚಿಮ್ಮಿಸುವ ನೀರು ಸಾಕಷ್ಟು ತಣ್ಣಗಿದ್ದರೆ ಗಾಳಿಯಲ್ಲಿನ ಹೆಚ್ಚಿನ ತೇವ ಆ ಹನಿಗಳ ಮೇಲೇ ಇಳಿಯುತ್ತೆ, ಜೊತೆಗೆ ಧೂಳೂ ತೊಳೆದುಹೋಗುತ್ತೆ. ಈ ಯಂತ್ರಕ್ಕೆ 1906ರ ಜನವರಿ 2ರಂದು 808897ನೇ ನಂಬರಿನ ಪೇಟೆಂಟ್ ಸಿಕ್ಕಿತು. ಏರ್ ಕಂಡಿಷನಿಂಗ್ ಅನ್ನೋ ಹೆಸರು ಮಾತ್ರ ಅವರದಲ್ಲ, ಅದೇ 1906ರಲ್ಲಿ ಬಟ್ಟೆ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರ್ಯಾಮರ್ ಇಟ್ಟಿದ್ದು. 1907ರ ಹೊತ್ತಿಗೆ ಜಪಾನಿನ ಯೋಕೊಹಾಮಾದ ಒಂದು ರೇಷ್ಮೆ ಗಿರಣಿಗೂ ಕ್ಯಾರಿಯರ್ ವ್ಯವಸ್ಥೆ ಹೋಯ್ತು.

1911ರ ಡಿಸೆಂಬರ್‌ನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘದ ಮುಂದೆ ಗಾಳಿ, ತೇವ, ಶಾಖದ ಸಂಬಂಧ ಹೇಳುವ ಸೂತ್ರಗಳ ಪ್ರಬಂಧ ಮಂಡಿಸಿದರು. ಮೆಕ್ಯಾನಿಕಲ್‌ನ ಸೀನಿಯರ್‌ಗಳು ಪರೀಕ್ಷೆಗೆ ಒಯ್ಯುವ ಸೈಕ್ರೋಮೆಟ್ರಿಕ್ ಚಾರ್ಟ್ ಇದೆಯಲ್ಲ, ಅದರ ಬೇರು ಅಲ್ಲಿದೆ. ಸೀಲಿಂಗ್ ಮೇಲೆ ನಾವು ಕಂಡ ಇನ್ನೊಂದು ಸಂಗತಿಗೂ ಉತ್ತರ ಆ ಚಾರ್ಟ್‌ನಲ್ಲೇ ಸಿಕ್ತು. ಹಾಲ್‌ನ ಗೋಡೆ ಪಕ್ಕ ಸೀಲಿಂಗ್‌ನಲ್ಲಿ ಒಂದು ಕಂದು ಕಲೆ ಇದೆ. ಮಳೆ ಸೋರಿದೆ ಅಂತಲೇ ಅಂದ್ಕೊಂಡಿದ್ವಿ. ಸೋರಿದ್ದು ಮಳೆಯಲ್ಲ. ಡಕ್ಟ್‌ಗೆ ಸುತ್ತಿದ್ದ ಇನ್ಸುಲೇಷನ್ ಹರಿದು, ತಣ್ಣಗಿನ ತಗಡು ಬಯಲಾಗಿ, ಇಬ್ಬನಿ ಬಿಂದುವಿಗಿಂತ ಕೆಳಗಿದ್ದ ಆ ತಗಡಿನ ಮೇಲೆ ನೀರು ಕಟ್ಟಿ ತೊಟ್ಟಿಕ್ಕಿದ್ದು. ಬ್ರೂಕ್ಲಿನ್‌ನಲ್ಲಿ ಬೇಕಂತಲೇ ಮಾಡಿದ ಕೆಲಸ ಇಲ್ಲಿ ಬೇಡದ ಜಾಗದಲ್ಲಿ ತಾನಾಗಿ ಆಗ್ತಾ ಇತ್ತು.

1914ರಲ್ಲಿ ಯುದ್ಧ ಶುರುವಾದಾಗ ಬಫಲೋ ಫೋರ್ಜ್ ಕಂಪನಿ ತಯಾರಿಕೆ ಅಷ್ಟೇ ಸಾಕು ಅಂತ ನಿರ್ಧರಿಸಿತು. ಕ್ಯಾರಿಯರ್ ಕಟ್ಟಿದ ವಿಭಾಗಕ್ಕೆ ಭವಿಷ್ಯ ಇಲ್ಲ ಅಂತಾಯ್ತು. ಅವರು ಬೇಕಿದ್ದರೆ ಇದ್ದಲ್ಲೇ ಇರಬಹುದಿತ್ತು. ಆದರೆ ಅರ್ವೈನ್ ಲೈಲ್ ಮುಂತಾದ ಜೊತೆಗಾರರ ಜೊತೆ ಒಟ್ಟು ಏಳು ಎಂಜಿನಿಯರ್‌ಗಳು ಉಳಿತಾಯದ ಹಣ ಒಟ್ಟು ಹಾಕಿ, 32,600 ಡಾಲರ್‌ನಲ್ಲಿ 1915ರಲ್ಲಿ ಸ್ವಂತ ಕಂಪನಿ ತೆರೆದರು. ಕ್ಯಾರಿಯರ್‌ಗೆ ಆಗ 38 ವರ್ಷ. ಮೊದಲ ಹೆಂಡತಿ ಮೂರು ವರ್ಷದ ಹಿಂದೆ ತೀರಿಕೊಂಡಿದ್ದರು. ಈ ಧಂದೆ ಮುಳುಗಿದ್ದರೆ ಏಳು ಮನೆಗಳು ಮುಳುಗುತ್ತಿದ್ದವು.

ಜನರಿಗೋಸ್ಕರ ಎಸಿ ಬಂದಿದ್ದು ಸಿನಿಮಾ ಥಿಯೇಟರ್‌ಗಳ ಮೂಲಕ. ಅಲ್ಲಿ ಎರಡು ಕಷ್ಟ ಇತ್ತು. ಒಂದು, ಆಗಿನ ಯಂತ್ರಗಳಲ್ಲಿ ಅಮೋನಿಯಾ ಇರ್ತಿತ್ತು, ಜನ ತುಂಬಿದ ಕಡೆ ಅದು ಸೋರಿದರೆ ಪ್ರಾಣಾಪಾಯ. ಕ್ಯಾರಿಯರ್ ಡೈಎಲೀನ್ ಎಂಬ, ಅದಕ್ಕಿಂತ ಕಡಿಮೆ ಅಪಾಯದ ದ್ರವ ಬಳಸುವ ಸೆಂಟ್ರಿಫ್ಯೂಗಲ್ ಯಂತ್ರ ಮಾಡಿ 1922ರಲ್ಲಿ ತೋರಿಸಿದರು. ಇನ್ನೊಂದು ಕಷ್ಟ ನಮ್ಮ ಸೆಮಿನಾರ್ ಹಾಲ್‌ನದೇ. ಸೀಟಿನ ಕೆಳಗಿನ ತೂತುಗಳಿಂದ ತಣ್ಣನೆ ಗಾಳಿ ಬಿಡ್ತಿದ್ರು. ತಣ್ಣಗಿನ ಗಾಳಿ ಭಾರ, ಮೇಲೆ ಏಳಲ್ಲ. ಕಾಲು ಮರಗಟ್ಟೋದು, ತಲೆ ಮೇಲೆ ಸೆಕೆ ಹಾಗೇ. ಅವರ ಕಂಪನಿಯ ಲೋಗನ್ ಲೂಯಿಸ್ ಇದನ್ನು ತಿರುಗಿಸಿದರು. ತಣ್ಣಗಿನ ಗಾಳಿಗೆ ಹಾಲ್‌ನ ಗಾಳಿಯನ್ನೇ ಒಂದಿಷ್ಟು ಬೆರೆಸಿ, ಸೀಲಿಂಗ್‌ನಿಂದ ನಿಧಾನವಾಗಿ ಇಳಿಸಿ, ನೆಲದ ಹತ್ತಿರ ವಾಪಸ್ ಎಳೆದುಕೊಳ್ಳೋದು. 1922ರಲ್ಲಿ ಲಾಸ್ ಏಂಜಲೀಸ್‌ನ ಮೆಟ್ರೊಪಾಲಿಟನ್ ಥಿಯೇಟರ್‌ನಲ್ಲಿ ಇದು ನಡೀತು. ಕೂಲಿಂಗ್ ಅಂದ್ರೆ ಕಂಪ್ರೆಸರ್ ಒಂದೇ ಅಂದ್ಕೊಂಡವರು ಇದನ್ನು ಎರಡು ಸಲ ಓದಬೇಕು.

1925ರ ಮೇ ಕೊನೆ, ಮೆಮೋರಿಯಲ್ ಡೇ ರಜೆ. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನ ರಿವೋಲಿ ಥಿಯೇಟರ್. ಪ್ಯಾರಾಮೌಂಟ್ ಚಿತ್ರಸಂಸ್ಥೆಯ ಒಡೆಯ ಅಡಾಲ್ಫ್ ಝುಕೋರ್ ಸ್ವತಃ ಬಾಲ್ಕನಿಯಲ್ಲಿ ಕೂತಿದ್ದರು. ಹೊರಗೆ ಬಿಸಿಲು, ಯಂತ್ರ ಶುರುವಾಗಿದ್ದೂ ತಡ, ಥಿಯೇಟರ್ ಒಂದೇ ಸಲ ತುಂಬಿಹೋಯ್ತು. ಜನ ಅನುಮಾನದಿಂದ ಬೀಸಣಿಗೆ ತಂದಿದ್ದರು, ಬೀಸ್ತಾನೇ ಇದ್ದರು. ಏಳು ಜನರ ಉಳಿತಾಯದಿಂದ ಹುಟ್ಟಿದ ಕಂಪನಿ ಅಷ್ಟೂ ಬೀಸಣಿಗೆಗಳನ್ನು ನೋಡ್ತಾ ನಿಂತಿತ್ತು. ಸ್ವಲ್ಪ ಹೊತ್ತಿಗೆ ಒಂದು ಬೀಸಣಿಗೆ ನಿಂತಿತು, ಇನ್ನೊಂದು ನಿಂತಿತು, ಕೊನೆಗೆ ಎಲ್ಲರ ಮಡಿಲಿಗೆ ಬಿದ್ದವು. ಐದು ವರ್ಷದಲ್ಲಿ ಸುಮಾರು 300 ಥಿಯೇಟರ್‌ಗಳು ಕ್ಯಾರಿಯರ್ ವ್ಯವಸ್ಥೆ ಹಾಕಿಸಿಕೊಂಡವು.

1928ರಲ್ಲಿ ಮನೆಗೆ ಅಂತ ವೆದರ್‌ಮೇಕರ್ ಬಂತು. ಮರುವರ್ಷವೇ ಆರ್ಥಿಕ ಕುಸಿತ, ಮನೆಗೆ ಎಸಿ ಕೊಳ್ಳೋರು ಯಾರು? 1930ರಲ್ಲಿ ಬೇರೆ ಎರಡು ಕಂಪನಿಗಳ ಜೊತೆ ವಿಲೀನವಾಗಬೇಕಾಯ್ತು. 1937ರಲ್ಲಿ ಸಿರಾಕ್ಯೂಸ್ ಊರಿಗೆ ಎಲ್ಲವನ್ನೂ ಸಾಗಿಸಿದರು.

ಡಕ್ಟ್ ಪ್ರಶ್ನೆಗೆ ಅವರು ಮತ್ತೆ ಬಂದಿದ್ದು ಗಗನಚುಂಬಿ ಕಟ್ಟಡಗಳ ಕಾಲಕ್ಕೆ. ಮಹಡಿ ಮೇಲೆ ಮಹಡಿಗೆ ದಪ್ಪ ಡಕ್ಟ್ ಎಳೆದರೆ ಬಾಡಿಗೆಗೆ ಕೊಡಬೇಕಾದ ಜಾಗವನ್ನೇ ಡಕ್ಟ್ ತಿಂದುಬಿಡುತ್ತೆ. 1939ರಲ್ಲಿ ಬಂದ ವೆದರ್‌ಮಾಸ್ಟರ್ ವ್ಯವಸ್ಥೆಯಲ್ಲಿ ಸಣ್ಣ ಕೊಳವೆಯಲ್ಲಿ ಗಾಳಿಯನ್ನು ವೇಗವಾಗಿ ಕಳಿಸಿ, ಪ್ರತಿ ಕೋಣೆಯ ಕಿಟಕಿ ಕೆಳಗಿನ ಪೆಟ್ಟಿಗೆಯಲ್ಲಿ ಅದು ಕೋಣೆಯ ಗಾಳಿಯನ್ನೂ ಎಳೆದುಕೊಂಡು ಕಾಯಿಲ್ ಮೇಲೆ ಹಾಯುವಂತೆ ಮಾಡಿದರು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದರ ಬೆಲೆಯೂ ಗೊತ್ತು: ವೇಗ ಎರಡರಷ್ಟಾದರೆ ಘರ್ಷಣೆಯ ನಷ್ಟ ಸುಮಾರು ನಾಲ್ಕರಷ್ಟು. ಒತ್ತಡವೂ ಹೆಚ್ಚು, ಜಾಯಿಂಟ್ ಸಡಿಲಿದ್ದರೆ ಸೋರೋದೂ ಹೆಚ್ಚು.

ಕ್ಯಾರಿಯರ್ ತೀರಿಕೊಂಡಿದ್ದು 1950ರ ಅಕ್ಟೋಬರ್ 7ರಂದು. ಅಮೆರಿಕದ ಮನೆಮನೆಗೆ ಎಸಿ ಹೋಗಿದ್ದು ಅವರಾದ ಮೇಲೆ, ಅದನ್ನು ಅವರು ನೋಡಲಿಲ್ಲ. ಆ ಮನೆಗಳಲ್ಲಿ ಎಷ್ಟೋ ಕಡೆ ಡಕ್ಟ್ ಹೋಗೋದು ಬಿಸಿಲಿಗೆ ಕಾದ ಅಟ್ಟದ ಮೇಲೆ. ಅಲ್ಲಿನ ಎನರ್ಜಿ ಸ್ಟಾರ್ ಯೋಜನೆ ಹೇಳೋ ಪ್ರಕಾರ ಸಾಮಾನ್ಯ ಮನೆಯಲ್ಲಿ ಡಕ್ಟ್‌ನ ಗಾಳಿಯಲ್ಲಿ ಶೇಕಡಾ 20ರಿಂದ 30ರಷ್ಟು ಸೋರಿಕೆ, ಸಂದು, ಕಳಚಿದ ಜಾಯಿಂಟ್‌ಗಳಲ್ಲೇ ಹೋಗುತ್ತೆ. ತಂಪು ತರುವ ಕಡೆ ತೂತಿದ್ದರೆ ಅಟ್ಟ ತಣ್ಣಗಾಗುತ್ತೆ. ವಾಪಸ್ ಬರುವ ಕಡೆ ತೂತಿದ್ದರೆ ಅಟ್ಟದ ಬಿಸಿಗಾಳಿ, ಧೂಳು ಎರಡೂ ಮೆಷಿನ್‌ಗೆ ಬರುತ್ತೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಕಾಯಿಲ್ ಮೇಲೆ ಮಂಜುಗಡ್ಡೆಯೇ ಕಟ್ಟಬಹುದು. ತಮಾಷೆ ಏನಂದ್ರೆ, 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಡಕ್ಟ್ ಮುಚ್ಚುವ ಸಾಮಾನುಗಳನ್ನೆಲ್ಲ ಪರೀಕ್ಷೆ ಮಾಡಿದಾಗ, ಬಿಸಿ ತಂಪಿನ ಏಟಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಬಿಟ್ಟುಕೊಂಡಿದ್ದು ಬಟ್ಟೆಯ ಡಕ್ಟ್ ಟೇಪೇ. ಬಳಿಯುವ ಮ್ಯಾಸ್ಟಿಕ್ ಇಲ್ಲವೇ ಲೋಹದ ಫಾಯಿಲ್ ಟೇಪ್ ಹಾಕಬೇಕಂತೆ.

ನಮ್ಮ ಅಣ್ಣ ಅವತ್ತು ಡಕ್ಟ್ ಬಾಯಿ ಕಾಲರ್‌ಗೆ ಕೂರಿಸಿ, ಕ್ಲ್ಯಾಂಪ್ ಬಿಗಿದು, ಮೇಲೆ ಫಾಯಿಲ್ ಟೇಪ್ ಸುತ್ತಿದರು. ಫಿಲ್ಟರನ್ನು ನಾವೇ ನಲ್ಲಿ ಕೆಳಗಿಟ್ಟು ತೊಳೆದ್ವಿ, ಎರಡು ಬಕೆಟ್ ಕಪ್ಪು ನೀರು ಬಂತು. ಇನ್ಸುಲೇಷನ್ ಕೆಲಸ ರಜೆಯಲ್ಲಿ ಮಾಡಿಸ್ತಾರಂತೆ, ಅರ್ಜಿ ಕೊಟ್ಟಿದ್ದೀವಿ. ಮುಂದಿನ ಕವಿಗೋಷ್ಠಿಗೆ ಹಿಂದಿನ ಸಾಲು ನಮ್ಮದು.