ತಾಯಿ ಕೊಟ್ಟ ವಿಶ್ವಾಸ: ಶಿಕ್ಷಕ, ಸೈನಿಕ ಟೋಲ್ಕಿನ್‌ರವರ ಬಾಳಹಾದಿ



ಸೆಪ್ಟೆಂಬರ್ ತಿಂಗಳು ಬಂತೆಂದರೆ ಕರಾವಳಿಯ ನಮಗೆ ಮೊಂತಿ ಹಬ್ಬದ ಸಂಭ್ರಮ. ಹಬ್ಬದ ನೊವೆನಾ ನಡೆಯುತ್ತಿರುವಾಗಲೇ ಶಿಕ್ಷಕರ ದಿನವೂ ಬರುತ್ತದೆ. ಇದೇ ದಿನಗಳಲ್ಲಿ, ಅಂದರೆ 1973ರ ಸೆಪ್ಟೆಂಬರ್ 2ರಂದು, ಇಂಗ್ಲೆಂಡಿನಲ್ಲಿ ಒಬ್ಬ ನಿವೃತ್ತ ಶಿಕ್ಷಕರು ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಅವರೇ ಜಾನ್ ರೊನಾಲ್ಡ್ ರುವೆಲ್ ಟೋಲ್ಕಿನ್. ನಮ್ಮ ಯುವಜನರು ಅವರನ್ನು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಚಲನಚಿತ್ರಗಳ ಮೂಲ ಕಥೆ ಬರೆದವರೆಂದು ಬಲ್ಲರು. ಆದರೆ ಅವರು ದೃಢ ಕಥೋಲಿಕ ವಿಶ್ವಾಸಿಯಾಗಿದ್ದರು, ಆ ವಿಶ್ವಾಸಕ್ಕಾಗಿ ಅವರ ತಾಯಿ ದೊಡ್ಡ ಬೆಲೆ ತೆತ್ತಿದ್ದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಟೋಲ್ಕಿನ್‌ರವರು ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್ ಎಂಬಲ್ಲಿ. ತಂದೆ ಆರ್ಥರ್ ಅಲ್ಲಿ ಬ್ಯಾಂಕ್ ಅಧಿಕಾರಿ. ಅಲ್ಲಿನ ಸೆಕೆ ಮಗುವಿನ ಆರೋಗ್ಯಕ್ಕೆ ಒಗ್ಗದ ಕಾರಣ 1895ರಲ್ಲಿ ತಾಯಿ ಮೇಬಲ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದರು. ಹಿಂದಿನಿಂದ ಬರಬೇಕಿದ್ದ ತಂದೆ ಬರಲೇ ಇಲ್ಲ. 1896ರಲ್ಲಿ ಜ್ವರದಿಂದ ಅಲ್ಲಿಯೇ ತೀರಿಕೊಂಡರು.

ವಿಧವೆಯಾದ ಮೇಬಲ್ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅವರ ತವರಿನವರಿಗಾಗಲಿ ಗಂಡನ ಮನೆಯವರಿಗಾಗಲಿ ಇದು ಸಹ್ಯವಾಗಲಿಲ್ಲ. ಬಂಧುಗಳಿಂದ ಬರುತ್ತಿದ್ದ ಅಲ್ಪಸ್ವಲ್ಪ ಹಣಸಹಾಯವೂ ನಿಂತಿತು. ಆದರೂ ಆ ತಾಯಿ ಹಿಂದೆ ಸರಿಯಲಿಲ್ಲ. ಬಡತನದಲ್ಲಿಯೇ ಮಕ್ಕಳಿಗೆ ತಾವೇ ಲ್ಯಾಟಿನ್ ಕಲಿಸಿದರು, ಪ್ರಾರ್ಥನೆ ಕಲಿಸಿದರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇನ್ನೂ ಬಂದಿರದ ಕಾಲವದು. 1904ರ ನವೆಂಬರ್ 14ರಂದು ಆ ಕಾಯಿಲೆಯಿಂದಲೇ, ಕೇವಲ 34ನೆಯ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದರು. ಆಗ ಟೋಲ್ಕಿನ್‌ರಿಗೆ 12 ವರ್ಷ, ತಮ್ಮ ಹಿಲರಿಗೆ 10. ತನ್ನ ತಾಯಿ ವಿಶ್ವಾಸಕ್ಕಾಗಿ ರಕ್ತಸಾಕ್ಷಿಯಾದವಳು ಎಂದೇ ಟೋಲ್ಕಿನ್ ಕೊನೆಯವರೆಗೂ ನಂಬಿದ್ದರು.

ಮಕ್ಕಳ ವಿಶ್ವಾಸಕ್ಕೆ ಧಕ್ಕೆ ಬಾರದಿರಲೆಂದು ಮೇಬಲ್ ಒಬ್ಬ ಧರ್ಮಗುರುಗಳನ್ನು ಪೋಷಕರನ್ನಾಗಿ ನೇಮಿಸಿದ್ದರು. ಅವರು ಸಂತ ನ್ಯೂಮನ್ ಸ್ಥಾಪಿಸಿದ ಬರ್ಮಿಂಗ್‌ಹ್ಯಾಮ್ ಒರೇಟರಿಯ ಫಾದರ್ ಫ್ರಾನ್ಸಿಸ್ ಮೋರ್ಗನ್. ಮೇಬಲ್ ಬಿಟ್ಟುಹೋದ ಹಣ ಸಾಲದೆ ಬಂದಾಗ ಫಾದರ್ ತಮ್ಮ ಮನೆತನದಿಂದ ಬರುತ್ತಿದ್ದ ಆದಾಯವನ್ನು ಯಾರಿಗೂ ಹೇಳದೆ ಅದಕ್ಕೆ ಸೇರಿಸುತ್ತಿದ್ದರು. ಹುಡುಗರಿಬ್ಬರೂ ಬೆಳಿಗ್ಗೆ ಅವರ ಬಲಿಪೂಜೆಗೆ ಪೀಠಸೇವೆ ಮಾಡಿ, ಒರೇಟರಿಯಲ್ಲಿಯೇ ತಿಂಡಿ ತಿಂದು ಶಾಲೆಗೆ ಹೋಗುತ್ತಿದ್ದರು.

ಆದರೆ ಇದೇ ಗುರುಗಳ ಒಂದು ಮಾತನ್ನು ಪಾಲಿಸುವುದು ಯುವಕ ಟೋಲ್ಕಿನ್‌ರಿಗೆ ಬಹಳ ಕಷ್ಟವಾಯಿತು. 16ನೆಯ ವಯಸ್ಸಿನಲ್ಲಿ, ತಾವು ಬಾಡಿಗೆಗಿದ್ದ ಮನೆಯಲ್ಲಿಯೇ ವಾಸವಿದ್ದ ಎಡಿತ್ ಬ್ರಾಟ್ ಎಂಬ ಅನಾಥ ಯುವತಿಯನ್ನು ಅವರು ಪ್ರೀತಿಸಿದರು. ಎಡಿತ್ ಮೂರು ವರ್ಷ ಹಿರಿಯಳು, ಕಥೋಲಿಕಳಲ್ಲ. ಹುಡುಗನ ಓದು ಹಾಳಾಗುವುದೆಂದು ಹೆದರಿದ ಫಾದರ್, 21 ವರ್ಷ ತುಂಬುವ ತನಕ ಆಕೆಯನ್ನು ಕಾಣಕೂಡದು, ಪತ್ರವನ್ನೂ ಬರೆಯಕೂಡದು ಎಂದು ಆಜ್ಞಾಪಿಸಿದರು. ಮನಸ್ಸು ನೊಂದರೂ ಟೋಲ್ಕಿನ್ ವಿಧೇಯರಾದರು. 1913ರ ಜನವರಿ 3ರಂದು 21 ತುಂಬಿದ ಕೂಡಲೇ ಎಡಿತ್‌ಗೆ ಪತ್ರ ಬರೆದರು. ಅಷ್ಟರಲ್ಲಿ ಆಕೆಗೆ ಬೇರೊಬ್ಬರೊಡನೆ ನಿಶ್ಚಿತಾರ್ಥವಾಗಿತ್ತು! ಐದು ದಿನಗಳ ನಂತರ ಟೋಲ್ಕಿನ್ ತಾವೇ ಹೋಗಿ ಮಾತನಾಡಿದರು. ಎಡಿತ್ ಆ ಸಂಬಂಧವನ್ನು ಬಿಟ್ಟು ಇವರನ್ನು ಒಪ್ಪಿಕೊಂಡರು. ಮರುವರ್ಷ ಅವರು ಕಥೋಲಿಕರಾದರು. ಆ ಕಾರಣಕ್ಕೆ ಆಶ್ರಯ ಕೊಟ್ಟಿದ್ದ ಮನೆಯನ್ನೇ ಬಿಡಬೇಕಾಗಿ ಬಂತು. 1916ರ ಮಾರ್ಚ್ 22ರಂದು ಅವರಿಬ್ಬರ ವಿವಾಹ ನೆರವೇರಿತು.

ಮದುವೆಯ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಜೂನ್ ತಿಂಗಳಲ್ಲಿ ಲ್ಯಾಂಕಶೈರ್ ಫ್ಯುಸಿಲಿಯರ್ಸ್ ಪಡೆಯ ಕಿರಿಯ ಅಧಿಕಾರಿಯಾಗಿ ಟೋಲ್ಕಿನ್ ಫ್ರಾನ್ಸಿಗೆ ಹೊರಟರು. ಸೊಮ್ ನದಿಯ ಬಳಿ ನಡೆದ ಯುದ್ಧದ ಮೊದಲ ದಿನ, 1916ರ ಜುಲೈ 1ರಂದು, ಬ್ರಿಟಿಷ್ ಸೈನ್ಯದ 19 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಟೋಲ್ಕಿನ್‌ರ ಶಾಲಾ ಗೆಳೆಯ ರಾಬ್ ಗಿಲ್ಸನ್ ಕೂಡ ಒಬ್ಬರು. ಸಿಗ್ನಲ್ಸ್ ವಿಭಾಗದ ಹೊಣೆ ಹೊತ್ತಿದ್ದ ಟೋಲ್ಕಿನ್ ಹಲವು ತಿಂಗಳು ಕಂದಕಗಳಲ್ಲಿ ಕೆಲಸ ಮಾಡಿದರು. ಅಕ್ಟೋಬರ್ ಕೊನೆಯಲ್ಲಿ, ಹೇನುಗಳಿಂದ ಹರಡುವ ಟ್ರೆಂಚ್ ಜ್ವರ ಅವರಿಗೆ ತಗಲಿತು. ನವೆಂಬರ್‌ನಲ್ಲಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಹಾಸಿಗೆಯಲ್ಲಿದ್ದಾಗಲೇ, ಡಿಸೆಂಬರ್ 3ರಂದು, ಇನ್ನೊಬ್ಬ ಗೆಳೆಯ ಜಿ. ಬಿ. ಸ್ಮಿತ್ ಶೆಲ್ ಗಾಯಗಳಿಂದ ಮೃತಪಟ್ಟರು.

ಶಾಲೆಯ ನಾಲ್ವರು ಆಪ್ತರಲ್ಲಿ ಉಳಿದವರು ಇಬ್ಬರೇ. ತಾನು ಸತ್ತರೆ, ತಾನು ಹೇಳಲು ಬಯಸಿದ್ದನ್ನು ಮುಂದೆ ನೀನಾದರೂ ಹೇಳುವಂತಾಗಲಿ ಎಂದು ಸ್ಮಿತ್ ಟೋಲ್ಕಿನ್‌ರಿಗೆ ಪತ್ರ ಬರೆದಿದ್ದರು. ಟೋಲ್ಕಿನ್ ಮೊದಲು ಸ್ಮಿತ್‌ರ ಕವನಗಳನ್ನೇ ಸಂಪಾದಿಸಿ 1918ರಲ್ಲಿ ಪ್ರಕಟಿಸಲು ನೆರವಾದರು. ತಮ್ಮ ಮೂರನೆಯ ಮಗನಿಗೆ, ಬದುಕುಳಿದ ಗೆಳೆಯ ಕ್ರಿಸ್ಟೋಫರ್ ವೈಸ್‌ಮನ್‌ರ ಹೆಸರನ್ನೇ ಇಟ್ಟರು.

ಯುದ್ಧದ ನಂತರ ಅವರು ಶಿಕ್ಷಕರಾದರು. 1920ರಿಂದ ಲೀಡ್ಸ್‌ನಲ್ಲಿ, 1925ರಿಂದ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಭಾಷೆಯನ್ನೂ ಸಾಹಿತ್ಯವನ್ನೂ ಕಲಿಸಿ, 1959ರಲ್ಲಿ ನಿವೃತ್ತರಾದರು. ನಾಲ್ಕು ಮಕ್ಕಳ ಸಂಸಾರಕ್ಕೆ ಸಂಬಳ ಸಾಲುತ್ತಿರಲಿಲ್ಲ. ಆದ್ದರಿಂದ ಬೇಸಿಗೆ ರಜೆಯಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದರು. ಹಾಗೆ ತಿದ್ದುವಾಗ ಸಿಕ್ಕಿದ ಒಂದು ಖಾಲಿ ಹಾಳೆಯ ಮೇಲೆ ಅವರು ಗೀಚಿದ ಒಂದು ವಾಕ್ಯವೇ 1937ರಲ್ಲಿ ಪ್ರಕಟವಾದ 'ದಿ ಹಾಬಿಟ್' ಕಥೆಗೆ ಬೀಜವಾಯಿತು. ಪೇಪರ್ ತಿದ್ದಿ ದಣಿಯುವ ನಮ್ಮ ಶಿಕ್ಷಕರಿಗೆ ಇದು ಸಮಾಧಾನ ಕೊಡಬಹುದು!

ಇಲ್ಲಿ ಒಂದು ವಿಷಯವನ್ನು ನಾವು ಮುಚ್ಚಿಡಬಾರದು. ತಾಯಿ ಪ್ರಾಣ ತೆತ್ತು ಕೊಟ್ಟ ಈ ವಿಶ್ವಾಸವನ್ನು ಟೋಲ್ಕಿನ್ ಒಂದು ಹಂತದಲ್ಲಿ ಬಹುಮಟ್ಟಿಗೆ ಕೈಬಿಟ್ಟಿದ್ದರು. ಲೀಡ್ಸ್‌ನಲ್ಲಿ ಹಾಗೂ ಆಕ್ಸ್‌ಫರ್ಡಿನ ಮೊದಲ ವರ್ಷಗಳಲ್ಲಿ ತನ್ನ ಸೋಮಾರಿತನದಿಂದಲೇ ಧಾರ್ಮಿಕ ಆಚರಣೆಯನ್ನು ಬಹುತೇಕ ನಿಲ್ಲಿಸಿದ್ದೆ, ಮಕ್ಕಳನ್ನೂ ಸರಿಯಾಗಿ ಬೆಳೆಸಲಿಲ್ಲ ಎಂದು 1963ರಲ್ಲಿ ಅವರು ಮಗ ಮೈಕಲ್‌ಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡರು. 70 ದಾಟಿದ ತಂದೆ ತನ್ನ ಮಗನ ಮುಂದೆ ಮಾಡಿಕೊಂಡ ಪಾಪನಿವೇದನೆಯೆಂದೇ ಇದನ್ನು ಕರೆಯಬಹುದು. ತಾವು ಮರಳಿ ಬಂದದ್ದು ಪರಮಪ್ರಸಾದದ ಮೇಲಿನ ಹಸಿವಿನಿಂದ ಎಂದೂ ಅವರು ತಿಳಿಸಿದರು. ವಿಶ್ವಾಸ ಸೊರಗಿದಾಗ ಅದಕ್ಕೆ ಮದ್ದು ಪರಮಪ್ರಸಾದವೇ, ಅದನ್ನು ಮತ್ತೆ ಮತ್ತೆ ಸ್ವೀಕರಿಸಬೇಕು ಎಂಬುದು ಅವರ ಅನುಭವದ ಮಾತಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ ಕ್ರಿಸ್ಟೋಫರ್ ವಾಯುಪಡೆ ಸೇರಿ ದಕ್ಷಿಣ ಆಫ್ರಿಕಾಕ್ಕೆ ಹೋದರು. 1944ರಲ್ಲಿ ಟೋಲ್ಕಿನ್ ತಾವು ಬರೆಯುತ್ತಿದ್ದ ದೊಡ್ಡ ಕಥೆಯ ಅಧ್ಯಾಯಗಳನ್ನು ಅಲ್ಲಿಗೇ ಕಳುಹಿಸುತ್ತಿದ್ದರು. ಮಾತೆ ಮರಿಯಮ್ಮನವರ ಸ್ತುತಿಗೀತೆಯನ್ನೂ ಲೊರೆಟೊ ಮಾತೆಯ ಲಿತಾನಿಯನ್ನೂ ಬಾಯಿಪಾಠ ಮಾಡಿಕೋ, ಬಲಿಪೂಜೆಗೆ ಹೋಗಲಾಗದ ದಿನ ಪೂಜೆಯ ಪ್ರಾರ್ಥನೆಯನ್ನಾದರೂ ಮನಸ್ಸಿನಲ್ಲಿ ಹೇಳಿಕೊಳ್ಳಲು ಸಾಧ್ಯವಾಗಲಿ ಎಂದು ಮಗನಿಗೆ ಬುದ್ಧಿ ಹೇಳಿದ್ದರು.

ಆ ದೊಡ್ಡ ಕಥೆಯೇ 1954–55ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಅದರಲ್ಲಿ ಚರ್ಚ್ ಇಲ್ಲ, ಗುರುಗಳಿಲ್ಲ. ಆದರೂ ಅದು ಮೂಲತಃ ಕಥೋಲಿಕ ಕೃತಿಯೆಂದು ಅವರು ಯೇಸುಸಭೆಯ ಮಿತ್ರರೊಬ್ಬರಿಗೆ ತಿಳಿಸಿದ್ದರು. ದುಷ್ಟ ಉಂಗುರ ನಾಶವಾಗುವುದು ಮಾರ್ಚ್ 25ರಂದು, ಅಂದರೆ ನಾವು ಮಂಗಳವಾರ್ತೆಯ ಹಬ್ಬ ಆಚರಿಸುವ ದಿನ. ಅದನ್ನು ಹೊತ್ತು ನಡೆಯುವವನು ವೀರನಲ್ಲ, ಒಬ್ಬ ಪುಟ್ಟ ಮನುಷ್ಯ. ಅವನ ಜೊತೆಗಾರ ಸ್ಯಾಮ್‌ನ ಪಾತ್ರದಲ್ಲಿ, 1916ರ ಕಂದಕಗಳಲ್ಲಿ ತಾವು ಕಂಡ ಸಾಮಾನ್ಯ ಸಿಪಾಯಿಗಳ ನೆನಪಿದೆಯೆಂದು ಟೋಲ್ಕಿನ್ ಹೇಳಿದ್ದರು.

ನಿವೃತ್ತಿಯ ನಂತರ ಹಣವೂ ಹೆಸರೂ ಬಂದವು. 1966ರಲ್ಲಿ ಪ್ರಕಟವಾದ ಇಂಗ್ಲಿಷ್ ಜೆರುಸಲೇಮ್ ಬೈಬಲಿಗಾಗಿ ಯೋನನ ಗ್ರಂಥದ ಅನುವಾದದಲ್ಲಿ ಅವರು ಶ್ರಮಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯ ಭಾಷೆ ಬದಲಾದಾಗ ಅವರಿಗೆ ನೋವಾಯಿತು. ಎಲ್ಲರೂ ಇಂಗ್ಲಿಷಿನಲ್ಲಿ ಉತ್ತರಿಸುವಾಗ ಅವರು ಮಾತ್ರ ಗಟ್ಟಿಯಾಗಿ ಲ್ಯಾಟಿನ್‌ನಲ್ಲಿ ಉತ್ತರಿಸುತ್ತಿದ್ದರೆಂದು ಅವರ ಮೊಮ್ಮಗ ನೆನಪಿಸಿಕೊಂಡಿದ್ದಾರೆ. ಆದರೆ ಬೇಸರವಾಯಿತೆಂದು ಅವರು ಪೂಜೆಯನ್ನು ಬಿಡಲಿಲ್ಲ.

1971ರ ನವೆಂಬರ್ 29ರಂದು ಎಡಿತ್ ಅಗಲಿದರು. ಎರಡು ವರ್ಷಗಳೊಳಗೆ, 81ನೆಯ ವಯಸ್ಸಿನಲ್ಲಿ, ಟೋಲ್ಕಿನ್‌ರೂ ಪ್ರಭುವಿನ ಸನ್ನಿಧಿಗೆ ತೆರಳಿದರು. ಆಕ್ಸ್‌ಫರ್ಡಿನ ಸಂತ ಅಂತೋಣಿ ದೇವಾಲಯದಲ್ಲಿ ಅವರ ಅಂತಿಮ ಬಲಿಪೂಜೆಯನ್ನು ಅರ್ಪಿಸಿದವರು ಅವರ ಹಿರಿಯ ಮಗ, ಧರ್ಮಗುರು ಫಾದರ್ ಜಾನ್. ದಂಪತಿ ವುಲ್ವರ್‌ಕೋಟ್ ಸ್ಮಶಾನದಲ್ಲಿ ಒಂದೇ ಸಮಾಧಿಯಲ್ಲಿ ವಿಶ್ರಮಿಸುತ್ತಿದ್ದಾರೆ.

1904ರಲ್ಲಿ ಮರಣಶಯ್ಯೆಯಲ್ಲಿದ್ದ ಆ ಬಡ ತಾಯಿಗೆ ಇದಾವುದೂ ಗೊತ್ತಿರಲಿಲ್ಲ. ತನ್ನ ಮೊಮ್ಮಗ ಗುರುವಾಗುವನೆಂದು ಆಕೆ ಕನಸಿನಲ್ಲಿಯೂ ಎಣಿಸಿರಲಾರಳು. ಮಕ್ಕಳು ಪೂಜೆಗೆ ಬರುತ್ತಿಲ್ಲವೆಂದು ನಮ್ಮ ಧರ್ಮಕೇಂದ್ರಗಳಲ್ಲಿ ಕಣ್ಣೀರು ಹಾಕುವ ತಾಯಂದಿರಿದ್ದಾರೆ. ಕಲಿಸಿದ್ದೆಲ್ಲ ವ್ಯರ್ಥವಾಯಿತೇನೋ ಎಂದು ಕೊರಗುವ ಧರ್ಮೋಪದೇಶ ಶಿಕ್ಷಕರೂ ಇದ್ದಾರೆ. ಅವರೆಲ್ಲರೂ ಮೇಬಲ್‌ರನ್ನು ಒಮ್ಮೆ ನೆನೆಯಲಿ. ಬಿತ್ತುವುದಷ್ಟೇ ನಮ್ಮ ಕೆಲಸ. ಮೊಳಕೆ ಬರುವ ಕಾಲ ದೇವರಿಗೆ ಗೊತ್ತು.